ಮೂರನೆಯ ಸಂಚಿಕೆ ಕೈತಪ್ಪಿದ ಮೇಲೆ: ಕಾಮಿಕ್ಸ್ ಕೊಳ್ಳುವ ನಾಲ್ಕು ದಾರಿಗಳು

ಬುಧವಾರ ಸಂಜೆ ಕಚೇರಿಯಿಂದ ಮನೆಗೆ ಮರಳುವಾಗ, ಪಿಜ್ಜಾ ಅಂಗಡಿಗೂ ಲಾಂಡ್ರಿಗೂ ನಡುವೆ ಒತ್ತಿಕೊಂಡಂತಿರುವ ಒಂದು ಸಣ್ಣ ಕಾಮಿಕ್ಸ್ ಅಂಗಡಿಯ ಮುಂದೆ ಕಾರು ನಿಲ್ಲಿಸುವುದು ನನಗೀಗ ರೂಢಿಯಾಗಿದೆ. ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ, ಈಗಿರುವುದು ನ್ಯೂಜೆರ್ಸಿಯಲ್ಲಿ. ಸೂಪರ್‌ಹೀರೋ ಕಾಮಿಕ್ಸ್ ಓದುವವನಿಗೆ ಇಲ್ಲಿ ನಾಲ್ಕು ದಾರಿಗಳಿವೆ: ಊರಿನ ಅಂಗಡಿಯಲ್ಲಿ ವಾರವಾರ ಬಿಡಿ ಸಂಚಿಕೆಗಳನ್ನು ಕೊಳ್ಳುವುದು, ರಿಯಾಯಿತಿ ಕೊಡುವ ಆನ್‌ಲೈನ್ ಅಂಗಡಿಯಿಂದ ಅವನ್ನೇ ಅಂಚೆಯಲ್ಲಿ ತರಿಸುವುದು, ಐದಾರು ಸಂಚಿಕೆಗಳು ಸೇರಿ ಸಂಪುಟವಾಗಿ ಬರುವವರೆಗೆ ಕಾಯುವುದು, ಇಲ್ಲವೇ ಚಂದಾ ಕಟ್ಟಿ ಆ್ಯಪ್‌ನಲ್ಲಿ ಓದುವುದು. ನಾಲ್ಕಕ್ಕೂ ನನ್ನ ಜೇಬಿನಿಂದಲೇ ದುಡ್ಡು ಹೋಗಿದೆ. ನನ್ನ ಆಯ್ಕೆ ಅಂಗಡಿ. ಆದರೂ ಅಂಗಡಿಯ ಗುಣಗಾನಕ್ಕಿಂತ, ಅದಕ್ಕಿಂತ ಅಗ್ಗವಾದ ಅಂಚೆಯ ದಾರಿ ನನ್ನನ್ನು ಹೇಗೆ ಸತಾಯಿಸಿತು ಎಂಬುದಕ್ಕೇ ಈ ಬರಹದಲ್ಲಿ ಹೆಚ್ಚು ಜಾಗ ಹೋಗಲಿದೆ, ಏಕೆಂದರೆ ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ನಾನು ಏನನ್ನು ಓದುತ್ತೇನೆಂಬುದನ್ನು ಮೊದಲು ಹೇಳಬೇಕು, ಓದುವ ಕಥೆ ಬೇರೆಯಾಗಿದ್ದರೆ ತೀರ್ಪೂ ಬೇರೆಯಾಗುತ್ತಿತ್ತು. ಮಾರ್ವೆಲ್ ಪ್ರಕಾಶನ 2024ರ ಜನವರಿಯಲ್ಲಿ ಹೊಸದಾಗಿ ಆರಂಭಿಸಿದ ‘ಅಲ್ಟಿಮೇಟ್ ಸ್ಪೈಡರ್-ಮ್ಯಾನ್’ ಮತ್ತು ಡಿಸಿ ಪ್ರಕಾಶನ ಅದೇ ವರ್ಷದ ಅಕ್ಟೋಬರ್‌ನಲ್ಲಿ ತಂದ ‘ಆ್ಯಬ್ಸಲ್ಯೂಟ್ ಬ್ಯಾಟ್‌ಮ್ಯಾನ್’, ಇವೆರಡೂ ನನ್ನನ್ನು ಹದಿನೈದು ವರ್ಷಗಳ ನಂತರ ಮತ್ತೆ ಈ ಚಟಕ್ಕೆ ಎಳೆದವು. ಜೊನಾಥನ್ ಹಿಕ್‌ಮನ್ ಬರೆದ ಮೊದಲನೆಯದರಲ್ಲಿ, ಸ್ಪೈಡರ್-ಮ್ಯಾನ್ ಆಗುವ ಪೀಟರ್ ಪಾರ್ಕರ್‌ಗೆ ಜೇಡದ ಶಕ್ತಿ ಬರುವುದು ಮದುವೆಯಾಗಿ, ಎರಡು ಮಕ್ಕಳಾಗಿ, ನಡುವಯಸ್ಸು ಹತ್ತಿರವಾದ ಮೇಲೆ. ಸ್ಕಾಟ್ ಸ್ನೈಡರ್ ಬರೆದು ನಿಕ್ ಡ್ರಗೋಟಾ ಚಿತ್ರಿಸುವ ಎರಡನೆಯದರಲ್ಲಿ, ಬ್ಯಾಟ್‌ಮ್ಯಾನ್ ಆಗುವ ಬ್ರೂಸ್ ವೇಯ್ನ್ ಕುಬೇರನಲ್ಲ, ಶಾಲಾ ಮೇಷ್ಟರ ಮಗ. ಅವನಿಗೆ ಬಂಗಲೆಯೂ ಇಲ್ಲ, ಬಟ್ಲರನೂ ಇಲ್ಲ. ತಂದೆ ತೀರಿಕೊಂಡಿದ್ದಾನೆ, ಆದರೆ ತಾಯಿ ಮಾರ್ಥಾ ಬದುಕಿದ್ದಾಳೆ. ಎದೆಯ ಮೇಲಿನ ಬಾವಲಿ ಲಾಂಛನವನ್ನು ಅವನು ಕಿತ್ತು ಹಿಡಿಗೆ ಸಿಕ್ಕಿಸಿದರೆ ಅದೇ ಕೊಡಲಿಯಾಗುತ್ತದೆ. ಎಂಬತ್ತು ವರ್ಷಗಳ ಹಿಂದಿನ ಕಥೆಯೆಲ್ಲ ಗೊತ್ತಿರಬೇಕೆಂಬ ಕಟ್ಟುಪಾಡು ಎರಡರಲ್ಲೂ ಇಲ್ಲ.

‘ಆ್ಯಬ್ಸಲ್ಯೂಟ್ ಬ್ಯಾಟ್‌ಮ್ಯಾನ್’ನ ಒಂದು ಸಂಚಿಕೆಗೆ 4.99 ಡಾಲರ್. ನಾನು ಹುಡುಕಿಕೊಂಡ ಆನ್‌ಲೈನ್ ಅಂಗಡಿ ಮುಂಗಡವಾಗಿ ಆರ್ಡರ್ ಕೊಟ್ಟವರಿಗೆ ಶೇಕಡಾ 35 ರಿಯಾಯಿತಿ ಕೊಡುತ್ತಿತ್ತು. ಅಂದರೆ ಸಂಚಿಕೆಯೊಂದಕ್ಕೆ 3.24 ಡಾಲರ್. ಅಂಚೆ ವೆಚ್ಚ ಉಳಿಸಲು ತಿಂಗಳಿಗೊಮ್ಮೆ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕಳುಹಿಸುವ ವ್ಯವಸ್ಥೆಯೂ ಇತ್ತು. ಮಧ್ಯಮ ವರ್ಗದ ಮನೆಯಲ್ಲಿ ಬೆಳೆದವನಿಗೆ ಈ ಲೆಕ್ಕ ಎಷ್ಟು ಹಿತವಾಗಿ ಕೇಳಿಸುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಎರಡು ತಿಂಗಳ ಮುಂಚೆಯೇ ಪಟ್ಟಿ ನೋಡಿ ಮೊದಲ ನಾಲ್ಕು ಸಂಚಿಕೆಗಳನ್ನು ಕಾದಿರಿಸಿ, ಊರಿನ ಅಂಗಡಿಯಲ್ಲಿ ಪೂರ್ತಿ ಬೆಲೆ ತೆರುವವರ ಬಗ್ಗೆ ಮನಸ್ಸಿನಲ್ಲೇ ಕನಿಕರಪಟ್ಟೆ.

ಮೊದಲ ಪೆಟ್ಟಿಗೆ ಬಂದಾಗ ಸಿಕ್ಕಿದ್ದು ಸಣ್ಣ ಕಿರಿಕಿರಿ ಮಾತ್ರ. ಸಂಚಿಕೆಗಳನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ, ಹಿಂದೆ ಒಂದು ಬಿಳಿ ರಟ್ಟಿಟ್ಟು ಕಳುಹಿಸುತ್ತಾರೆ. ಚೀಲದ ಬಾಯಿಯನ್ನು ಮಡಿಸಿ ಟೇಪು ಹಚ್ಚಿರುತ್ತಾರೆ. ಆ ಟೇಪನ್ನು ಪೂರ್ತಿ ಕೀಳದೆ ಬಾಯಿಯನ್ನು ಅರ್ಧ ತೆರೆದು ಪುಸ್ತಕವನ್ನು ಎಳೆದರೆ, ಅಂಟಿನ ತುದಿ ಮುಖಪುಟದ ಮೇಲ್ಭಾಗಕ್ಕೆ ತಗುಲಿ, ಬಾಳೆ ನಾರಿನಂತೆ ಬಣ್ಣದ ಒಂದು ಎಳೆಯನ್ನು ಕಿತ್ತುಕೊಂಡು ಬರುತ್ತದೆ. ಬ್ಯಾಟ್‌ಮ್ಯಾನನ ಕಿವಿಯೊಂದು ಹಾಗೆ ಹೋಯಿತು. ಅದು ನನ್ನ ಕೈಯ ತಪ್ಪು, ಅವರನ್ನು ದೂರಲಾರೆ. ಈಗ ಟೇಪನ್ನು ಪೂರ್ತಿ ಕಿತ್ತು ಗೋಡೆಗೆ ಅಂಟಿಸಿದ ಮೇಲೆಯೇ ಪುಸ್ತಕ ತೆಗೆಯುತ್ತೇನೆ.

ನಿಜವಾದ ತೊಂದರೆ ಶುರುವಾದದ್ದು ಡಿಸೆಂಬರಿನ ಪೆಟ್ಟಿಗೆಯಲ್ಲಿ. ಮೂರನೆಯ ಸಂಚಿಕೆ ಇರಬೇಕಾದ ಜಾಗದಲ್ಲಿ ಒಂದು ಚೀಟಿಯಿತ್ತು: ತಮಗೆ ಬಂದ ಪ್ರತಿಗಳು ಕಡಿಮೆಯಾದ ಕಾರಣ ನನ್ನ ಪ್ರತಿಯನ್ನು ಕಳುಹಿಸಲಾಗುತ್ತಿಲ್ಲ, 3.24 ಡಾಲರ್‌ಗಳನ್ನು ಖಾತೆಗೆ ಜಮಾ ಮಾಡಲಾಗಿದೆ. ಎರಡನೆಯದು ಇತ್ತು, ಮುಂದಿನ ತಿಂಗಳು ನಾಲ್ಕನೆಯದೂ ಬಂತು, ಮೂರನೆಯದಿಲ್ಲ. ತಿಂಗಳ ಪೆಟ್ಟಿಗೆಯನ್ನು ಆರಿಸಿಕೊಂಡಿದ್ದರಿಂದ, ಸಂಚಿಕೆ ಅಂಗಡಿಗಳಿಗೆ ಬಂದು ಮೂರು ವಾರಗಳಾದ ಮೇಲೆ ನನಗೆ ಈ ಸುದ್ದಿ ತಿಳಿಯಿತು. ಆ ಮೂರು ವಾರಗಳಲ್ಲಿ ನಮ್ಮ ಸುತ್ತಲಿನ ಮೂರು ಅಂಗಡಿಗಳಲ್ಲೂ ಅದು ಖಾಲಿಯಾಗಿತ್ತು. ಬಿಡಿಯಾಗಿ ಮರುಮಾರಾಟ ಮಾಡುವವರು ಮುದ್ರಿತ ಬೆಲೆಯ ಮೂರು ಪಟ್ಟು ಕೇಳುತ್ತಿದ್ದರು. ನನ್ನ ಖಾತೆಯಲ್ಲಿ ಮಾತ್ರ 3.24 ಡಾಲರ್ ಭದ್ರವಾಗಿತ್ತು.

ಪತ್ರ ಬರೆದೆ. ಸಹಾಯ ವಿಭಾಗದಿಂದ ನಯವಾದ ಉತ್ತರ ಬಂತು, ಮರುಮುದ್ರಣಕ್ಕಾಗಿ ಕಾಯಬಹುದು ಎಂದು. ಮರುಮುದ್ರಣಕ್ಕೆ ಮತ್ತೆ ಹೊಸದಾಗಿ ಆರ್ಡರ್ ಕೊಡಬೇಕು, ಅದಕ್ಕೆ ಬೇರೆ ಕ್ರಮಸಂಖ್ಯೆ, ಬೇರೆ ಮುಖಪುಟ. ಈ ಮುಖಪುಟಗಳ ವ್ಯವಹಾರವೇ ಒಂದು ಗೋಜಲು. ಒಂದೇ ಸಂಚಿಕೆ ಐದಾರು ಮುಖಪುಟಗಳಲ್ಲಿ ಬರುತ್ತದೆ, ಆನ್‌ಲೈನ್ ಪಟ್ಟಿಯಲ್ಲಿ ಪ್ರತಿಯೊಂದೂ ಬೇರೆ ವಸ್ತುವಿನಂತೆ ಕಾಣುತ್ತದೆ, ಕೆಲವಕ್ಕೆ ದಪ್ಪ ಕಾಗದವೆಂದು ಒಂದು ಡಾಲರ್ ಹೆಚ್ಚು. ಆತುರದಲ್ಲಿ ನಾನು ಮರುಮುದ್ರಣವೆಂದು ಭಾವಿಸಿ ಒತ್ತಿದ್ದು, ನನ್ನಲ್ಲಿ ಆಗಲೇ ಇದ್ದ ನಾಲ್ಕನೆಯ ಸಂಚಿಕೆಯ ಮತ್ತೊಂದು ಮುಖಪುಟವನ್ನು. ಫೆಬ್ರವರಿಯ ಪೆಟ್ಟಿಗೆ ತೆರೆದಾಗ ನಾಲ್ಕನೆಯ ಸಂಚಿಕೆಗಳು ಎರಡಾದವು, ಮೂರನೆಯದು ಸೊನ್ನೆಯಾಗಿಯೇ ಉಳಿಯಿತು. ನನ್ನ ಹೆಂಡತಿ ಆ ಎರಡನ್ನೂ ಪಕ್ಕಪಕ್ಕ ಇಟ್ಟು, “ಒಳಗೆ ಏನಾದರೂ ಬೇರೆ ಇದೆಯಾ?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಒಂದಕ್ಷರವೂ ಬೇರೆಯಿರಲಿಲ್ಲ.

ಹೀಗೇಕಾಗುತ್ತದೆಂಬುದನ್ನು ನನಗೆ ಬಿಡಿಸಿ ಹೇಳಿದವರು, ಮೂರನೆಯ ಸಂಚಿಕೆ ಹುಡುಕಿಕೊಂಡು ಹೋದಾಗ ಪರಿಚಯವಾದ, ಇಂದು ನಾನು ಖಾಯಂ ಗಿರಾಕಿಯಾಗಿರುವ ಅಂಗಡಿಯ ಮಾಲೀಕರು. 1970ರ ದಶಕದವರೆಗೆ ಅಮೆರಿಕದಲ್ಲಿ ಕಾಮಿಕ್ಸ್ ಪತ್ರಿಕೆಯಂತೆಯೇ ಮಾರಾಟವಾಗುತ್ತಿತ್ತು; ಉಳಿದ ಪ್ರತಿಗಳನ್ನು ಪ್ರಕಾಶಕರು ವಾಪಸು ತೆಗೆದುಕೊಳ್ಳುತ್ತಿದ್ದರು. ಆ ದಶಕದಲ್ಲಿ ಫಿಲ್ ಸೂಲಿಂಗ್ ಎಂಬ ವ್ಯಾಪಾರಿ, ಹೆಚ್ಚಿನ ರಿಯಾಯಿತಿ ಕೊಡುವುದಾದರೆ ಉಳಿದದ್ದನ್ನು ವಾಪಸು ಕೊಡುವುದಿಲ್ಲ ಎಂಬ ಒಪ್ಪಂದವನ್ನು ಪ್ರಕಾಶಕರೊಂದಿಗೆ ಕುದುರಿಸಿಕೊಂಡರು, ಮತ್ತು ಕಾಮಿಕ್ಸ್‌ಗೆಂದೇ ಮೀಸಲಾದ ಅಂಗಡಿಗಳು ಬೆಳೆದದ್ದು ಆ ಒಪ್ಪಂದದ ಮೇಲೆ. ಇದರ ಪರಿಣಾಮವೆಂದರೆ, ಮಾರಾಟವಾಗದೆ ಉಳಿದ ಪ್ರತಿಯೊಂದೂ ಅಂಗಡಿಯವರ ತಲೆಯ ಮೇಲೆ. ಸಂಚಿಕೆ ಹೊರಬರುವ ಸುಮಾರು ಮೂರು ವಾರಗಳ ಮುಂಚೆ ಅವರು ಕೊನೆಯ ಸಂಖ್ಯೆಯನ್ನು ತಿಳಿಸಿಬಿಡಬೇಕು. ಆಮೇಲೆ ಅದು ಎಷ್ಟೇ ಜನಪ್ರಿಯವಾದರೂ ಮೊದಲ ಮುದ್ರಣದ ಹೆಚ್ಚಿನ ಪ್ರತಿ ಸಿಗುವ ಭರವಸೆಯಿಲ್ಲ. ಹೊಸ ಬ್ಯಾಟ್‌ಮ್ಯಾನ್ ಇಷ್ಟು ಓಡುತ್ತದೆಂದು ಯಾರೂ ಎಣಿಸಿರಲಿಲ್ಲ, ಮೊದಲ ಸಂಚಿಕೆ ಮತ್ತೆ ಮತ್ತೆ ಮರುಮುದ್ರಣವಾಗಬೇಕಾಯಿತು. ಹಾಗಾಗಿ ಪ್ರತಿ ಕಡಿಮೆ ಬೀಳುವುದು ಯಾರ ಅಂಗಡಿಯಲ್ಲಾದರೂ ಆಗಬಹುದಾದದ್ದೇ. ಆದರೆ ಕಡಿಮೆ ಬಿದ್ದಾಗ ಯಾವ ಗಿರಾಕಿಯ ಹೆಸರನ್ನು ಕೈಬಿಡುವುದು ಎಂಬ ಪ್ರಶ್ನೆಗೆ, ಸಾವಿರಾರು ಆರ್ಡರುಗಳ ಗೋದಾಮು ಒಂದು ಉತ್ತರ ಕೊಡುತ್ತದೆ, ಎಂಬತ್ತು ಖಾಯಂ ಗಿರಾಕಿಗಳ ಅಂಗಡಿ ಬೇರೆಯೇ ಉತ್ತರ ಕೊಡುತ್ತದೆ.

ಅಂಗಡಿಯ ವ್ಯವಸ್ಥೆ ಸರಳವಾಗಿದೆ. ನಮಗೆ ಯಾವ ಯಾವ ಮಾಲಿಕೆ ಬೇಕೆಂದು ಒಮ್ಮೆ ಬರೆಸಿದರೆ, ಪ್ರತಿ ಸಂಚಿಕೆ ಬಂದಾಗಲೂ ಒಂದು ಪ್ರತಿಯನ್ನು ಗಲ್ಲಾದ ಹಿಂದಿನ ಕಪಾಟಿನಲ್ಲಿ, ನಮ್ಮ ಹೆಸರಿನ ಫೋಲ್ಡರಿನಲ್ಲಿ ತೆಗೆದಿಡುತ್ತಾರೆ. ಇದನ್ನು ಪುಲ್ ಲಿಸ್ಟ್ ಎನ್ನುತ್ತಾರೆ. ನನಗೆ ಇದು ಹೊಸದೆನಿಸಲಿಲ್ಲ. ಚಿಕ್ಕವನಿದ್ದಾಗ ನಮ್ಮ ಬೀದಿಯ ಪೇಪರ್ ಅಂಗಡಿಯ ಅಜ್ಜ ‘ಬಾಲಮಂಗಳ’ ಬಂದ ದಿನ ಬಿಸ್ಕತ್ತಿನ ಡಬ್ಬಿಯ ಹಿಂದೆ ಒಂದು ಪ್ರತಿ ತೆಗೆದಿಟ್ಟಿರುತ್ತಿದ್ದರು. ಶಾಲೆ ಬಿಟ್ಟು ಬರುವಾಗ “ತಗೋ ತಮ್ಮ, ನಿನ್ನ ಡಿಂಗ ಬಂದಾನೆ ನೋಡು” ಎಂದು ಕೊಡುತ್ತಿದ್ದರು. ಇಲಿ ಮರಿಯಾದ ಡಿಂಗನೇ ನಾನು ಕಂಡ ಮೊದಲ ಸೂಪರ್‌ಹೀರೋ. ಇಲ್ಲಿಯ ಫೋಲ್ಡರಿನ ಮೇಲೆ ನನ್ನ ಹೆಸರಿನ ಮೊದಲ ನಾಲ್ಕು ಅಕ್ಷರಗಳು ಮಾತ್ರ ಪೆನ್ಸಿಲಿನಲ್ಲಿವೆ, ಉಳಿದದ್ದನ್ನು ಬರೆಯುವ ಧೈರ್ಯ ಮಾಲೀಕರಿಗೆ ಬಂದಂತಿಲ್ಲ.

ಪಟ್ಟಿಯಲ್ಲಿರುವವರಿಗೆ ಶೇಕಡಾ 10 ರಿಯಾಯಿತಿ. ಆರು ಸಂಚಿಕೆಗಳಿಗೆ ಮುದ್ರಿತ ಬೆಲೆ 29.94 ಡಾಲರ್, ರಿಯಾಯಿತಿ ಕಳೆದು ಮಾರಾಟ ತೆರಿಗೆ ಸೇರಿಸಿದರೆ 29 ಡಾಲರ್‌ಗೆ ಹತ್ತಿರ. ಅಂಚೆಯ ದಾರಿಯಲ್ಲಿ ಅದೇ ಆರಕ್ಕೆ 19.44 ಡಾಲರ್, ಮೇಲೆ ಸಾಗಣೆ. ವ್ಯತ್ಯಾಸ ಸಣ್ಣದೇನಲ್ಲ.

ಆ ವ್ಯತ್ಯಾಸಕ್ಕೆ ಪ್ರತಿಯಾಗಿ ನನಗೆ ಸಿಗುವುದು ಬುಧವಾರದ ಅರ್ಧ ಗಂಟೆ. ಹೊಸ ಕಾಮಿಕ್ಸ್‌ನ ದಿನ ಬುಧವಾರ. 2020ರಲ್ಲಿ ಡಿಸಿ ಮಂಗಳವಾರಕ್ಕೆ ಹೊರಳಿ ಎಲ್ಲರಿಗೂ ಗೊಂದಲ ಮಾಡಿ, 2024ರಲ್ಲಿ ಮತ್ತೆ ಬುಧವಾರಕ್ಕೇ ಮರಳಿತು. ಅಂಗಡಿಯ ಮಧ್ಯದ ಮೇಜಿನ ಸುತ್ತ ಆ ಸಂಜೆ ನಾಲ್ಕೈದು ಜನರಾದರೂ ಇರುತ್ತಾರೆ: ನಿವೃತ್ತ ಅಂಚೆ ನೌಕರರೊಬ್ಬರು, ಕಾಲೇಜಿನ ಇಬ್ಬರು ಹುಡುಗಿಯರು, ದಾದಿಯೊಬ್ಬಳು, ನಾನು. ದುಡ್ಡಿಲ್ಲದ ಬ್ಯಾಟ್‌ಮ್ಯಾನನನ್ನು ಬ್ಯಾಟ್‌ಮ್ಯಾನ್ ಎನ್ನಬಹುದೇ ಎಂಬ ವಾದ ಅಲ್ಲಿ ಎರಡು ಬುಧವಾರ ನಡೆಯಿತು. ದುಡ್ಡೇ ಅವನ ನಿಜವಾದ ಶಕ್ತಿಯಾಗಿತ್ತು, ಅದನ್ನು ಕಿತ್ತುಕೊಂಡರೆ ಉಳಿಯುವುದು ಸಿಟ್ಟಿನ ಪೈಲ್ವಾನ ಮಾತ್ರ ಎಂದು ಅಂಚೆಯವರು ಪಟ್ಟು ಹಿಡಿದರು. ಊರಿನ ಸೇತುವೆ, ಚರಂಡಿ, ಸುರಂಗಗಳ ನಕ್ಷೆ ತಿಳಿದ ಇಂಜಿನಿಯರನಿಗೆ ಬಂಗಲೆಯ ಅಗತ್ಯವೇನು ಎಂದು ಹುಡುಗಿಯೊಬ್ಬಳು ತಿರುಗಿ ಕೇಳಿದಳು. ನಾನು ಅವಳ ಕಡೆ.

ಸ್ಪೈಡರ್-ಮ್ಯಾನ್ ವಿಷಯದಲ್ಲಿ ಮೇಜಿನ ಸುತ್ತ ವಾದವೇ ಇರಲಿಲ್ಲ, ಹಳೆಯ ಗಾಯವಿತ್ತು. ಮೂಲ ಮಾಲಿಕೆಯಲ್ಲಿ ಪೀಟರ್ ಮತ್ತು ಮೇರಿ ಜೇನ್ 1987ರಲ್ಲಿ ಮದುವೆಯಾದರು. 2007ರಲ್ಲಿ ಆರಂಭವಾದ ಕಥೆಯೊಂದರಲ್ಲಿ, ಚಿಕ್ಕಮ್ಮ ಮೇಯ ಜೀವ ಉಳಿಸಲು ಮೆಫಿಸ್ಟೋ ಎಂಬ ಸೈತಾನನೊಡನೆ ಕರಾರು ಮಾಡಿಕೊಂಡು ಆ ಮದುವೆಯನ್ನೇ ಅಳಿಸಿಹಾಕಲಾಯಿತು. ಇಪ್ಪತ್ತು ವರ್ಷ ಓದಿದ ಸಂಸಾರ ಒಂದು ಪುಟದಲ್ಲಿ ಇಲ್ಲವಾದದ್ದನ್ನು ಅಂಚೆಯವರು ಇಂದಿಗೂ ಕ್ಷಮಿಸಿಲ್ಲ. ಹಿಕ್‌ಮನ್‌ನ ಕಥೆಯಲ್ಲಿ ಪೀಟರ್ ರಾತ್ರಿ ಹೊರಗೆ ಹೋಗಿ ಮೇರಿ ಜೇನ್ ಮತ್ತು ಮಕ್ಕಳಿರುವ ಮನೆಗೆ ಮರಳುವ ಪ್ರಸಂಗ ಬಂದಾಗ, ಅವರು ಪುಟವನ್ನು ಎಲ್ಲರಿಗೂ ತಿರುಗಿಸಿ ತೋರಿಸಿ, ತಮಗೆ ಬಾಕಿಯಿದ್ದದ್ದು ವಾಪಸು ಬಂತೆಂದರು. ಹದಿನೇಳು ವರ್ಷ ತಡವಾಗಿ ಬಂದ ಬಾಕಿ, ಅದೂ ಮೂಲ ಮಾಲಿಕೆಯದಲ್ಲದ ಬೇರೊಂದು ಕಥಾವಿಶ್ವದಲ್ಲಿ.

ಅಂಗಡಿಗೂ ದೋಷಗಳಿವೆ. ಏಳು ಗಂಟೆಗೆ ಮುಚ್ಚುತ್ತದೆ. ಕಚೇರಿಯಲ್ಲಿ ಸಭೆ ಮುಂದುವರಿದರೆ ಬುಧವಾರ ಗುರುವಾರವಾಗುತ್ತದೆ. ಒಂದು ಮಾಲಿಕೆ ಓದುವವನಿಗೆ ಅದರ ನೆಂಟರಿಷ್ಟರ ಮಾಲಿಕೆಗಳೂ ಬೇಕಾಗಬಹುದೆಂಬ ನಂಬಿಕೆಯಿಂದ ಕೇಳದ ಸಂಚಿಕೆಯನ್ನೂ ಫೋಲ್ಡರಿಗೆ ಸೇರಿಸುವ ಅಭ್ಯಾಸ ಮಾಲೀಕರಿಗಿದೆ. ಬೇಡವೆಂದರೆ ಮರುಮಾತಿಲ್ಲದೆ ವಾಪಸು ತೆಗೆದುಕೊಳ್ಳುತ್ತಾರೆ, ಆದರೆ ಬೇಡವೆನ್ನುವುದು ನನಗೆ ಸುಲಭವಲ್ಲ. ಅವರ ಕಷ್ಟವೂ ಕಣ್ಣಿಗೆ ಕಾಣುತ್ತದೆ. ದಶಕಗಳ ಕಾಲ ಡೈಮಂಡ್ ಎಂಬ ಒಂದೇ ವಿತರಕ ಸಂಸ್ಥೆಯಿಂದ ಎಲ್ಲವೂ ಬರುತ್ತಿತ್ತು. 2020ರಲ್ಲಿ ಡಿಸಿ ಅದನ್ನು ಬಿಟ್ಟಿತು, 2021ರಲ್ಲಿ ಮಾರ್ವೆಲ್ ಪೆಂಗ್ವಿನ್ ರ‍್ಯಾಂಡಮ್ ಹೌಸ್ ಕಡೆ ಹೊರಳಿತು, 2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಮೊದಲು ಒಂದು ಬಿಲ್ಲು ನೋಡುತ್ತಿದ್ದವರು ಈಗ ಮೂರು ಕಡೆಯ ಪೆಟ್ಟಿಗೆ ಒಡೆದು, ಮೂರು ಬಿಲ್ಲುಗಳಿಗೆ ತಾಳೆ ನೋಡಿ ಫೋಲ್ಡರುಗಳನ್ನು ತುಂಬಬೇಕಾಗಿದೆ.

ಸಂಪುಟಗಳಿಗೆ ಬರುತ್ತೇನೆ. ಬೆಲೆ, ಜಾಗ, ಬಾಳಿಕೆ ಮೂರರಲ್ಲೂ ಸಂಪುಟವೇ ಮೇಲು. ಆರು ಸಂಚಿಕೆ ಒಟ್ಟಾಗಿ ಸುಮಾರು ಇಪ್ಪತ್ತು ಡಾಲರ್‌ಗೆ ಸಿಗುತ್ತದೆ, ನಡುವೆ ಜಾಹೀರಾತಿಲ್ಲ, ಕಪಾಟಿನಲ್ಲಿ ಪುಸ್ತಕದಂತೆ ನಿಲ್ಲುತ್ತದೆ. ನರಕದಲ್ಲಿ, ಗ್ರೀಕ್ ಪುರಾಣದ ಮಾಟಗಾತಿ ಸರ್ಸಿಯ ಕೈಯಲ್ಲಿ ಬೆಳೆದ ‘ಆ್ಯಬ್ಸಲ್ಯೂಟ್ ವಂಡರ್ ವುಮನ್’ಳನ್ನು ನಾನು ಸಂಪುಟದಲ್ಲೇ ಓದಿದೆ, ಕೊರತೆಯೇನೂ ಕಾಣಲಿಲ್ಲ. ಆದರೆ ‘ಅಲ್ಟಿಮೇಟ್ ಸ್ಪೈಡರ್-ಮ್ಯಾನ್’ನ ಮೊದಲ ಸಂಪುಟವನ್ನು ಗೆಳೆಯನಿಂದ ತಂದು ಮತ್ತೆ ಓದಿದಾಗ ಏನೋ ಸೋರಿಹೋದಂತಾಯಿತು. ಆ ಮಾಲಿಕೆಯ ಕಾಲ ನಮ್ಮ ಕಾಲದೊಂದಿಗೇ ನಡೆಯುತ್ತಿತ್ತು: ಇಲ್ಲಿ ಒಂದು ತಿಂಗಳು ಕಳೆದರೆ ಅಲ್ಲೂ ಒಂದು ತಿಂಗಳು ಕಳೆದಿರುತ್ತಿತ್ತು. ಪೀಟರ್ ತನ್ನ ಶಕ್ತಿಯೊಂದಿಗೆ ತಡವರಿಸುತ್ತಿದ್ದ ತಿಂಗಳುಗಳನ್ನು ನಾನೂ ಅಷ್ಟೇ ತಿಂಗಳು ಕಾದು ಓದಿದ್ದೆ. ಸಂಪುಟದಲ್ಲಿ ಅದೆಲ್ಲ ಒಂದು ಭಾನುವಾರ ಮಧ್ಯಾಹ್ನ ಚಹಾ ಆರುವಷ್ಟರಲ್ಲಿ ಮುಗಿದುಹೋಯಿತು.

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗನ ತೀರ್ಪು ಬೇರೆ, ಅವನ ಮಟ್ಟಿಗೆ ಅದೇ ಸರಿ. ಡಿಸಿ 2024ರಿಂದ ಹೊರತರುತ್ತಿರುವ, ಸಾಮಾನ್ಯ ಅಳತೆಗಿಂತ ಚಿಕ್ಕದಾದ, ಇಲ್ಲಿ 9.99 ಡಾಲರ್ ಬೆಲೆಯ ಕಾಂಪ್ಯಾಕ್ಟ್ ಸಂಪುಟಗಳನ್ನು ಅವನು ಚರ್ಚ್ ಸ್ಟ್ರೀಟಿನಲ್ಲಿ ಹುಡುಕಿ ಕೊಳ್ಳುತ್ತಾನೆ. ಮೆಟ್ರೋದಲ್ಲಿ ನಿಂತು ಓದಲು ಅವು ಹೇಳಿಮಾಡಿಸಿದಂತಿವೆ ಎನ್ನುತ್ತಾನೆ. ಊರಿಗೆ ಹೋದಾಗ ಒಂದನ್ನು ಕೈಗೆ ಕೊಟ್ಟ. ಹತ್ತು ಪುಟ ಓದುವಷ್ಟರಲ್ಲಿ ಕನ್ನಡಕ ಹುಡುಕಿದೆ. “ಮಾಮ, ನಿಮಗೆ ವಯಸ್ಸಾಯಿತು” ಎಂದ. ಅಕ್ಷರ ಚಿಕ್ಕದಾಗಿದೆ ಎಂದೇ ನಾನು ಈಗಲೂ ವಾದಿಸುತ್ತೇನೆ.

ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾರ್ವೆಲ್ ಅನ್‌ಲಿಮಿಟೆಡ್‌ಗೆ ತಿಂಗಳಿಗೆ ಸುಮಾರು ಹತ್ತು ಡಾಲರ್; ಹಳೆಯ ಕಥೆಗಳನ್ನು ಕೆದಕಲು ಅದಕ್ಕಿಂತ ಒಳ್ಳೆಯ ಭಂಡಾರ ಇನ್ನೊಂದಿಲ್ಲ, 1987ರ ಮದುವೆಯನ್ನೂ ಅದರಲ್ಲೇ ನೋಡಿದೆ. ಆದರೆ ಹೊಸ ಸಂಚಿಕೆ ಅಲ್ಲಿಗೆ ಬರುವುದು ಅಂಗಡಿಗೆ ಬಂದ ಮೂರು ತಿಂಗಳ ಮೇಲೆ, ಅಷ್ಟರಲ್ಲಿ ಮೇಜಿನ ಸುತ್ತಲಿನವರು ಬೇರೆ ವಾದಕ್ಕೆ ದಾಟಿರುತ್ತಾರೆ. ಇನ್ನು ಡ್ರಗೋಟಾನಂತಹವರು ಎರಡು ಪುಟಗಳಿಗೆ ಹರಡಿ ಬರೆಯುವ ಚಿತ್ರವನ್ನು ಫೋನಿನಲ್ಲಿ ನೋಡುವುದು, ತೇರನ್ನು ಕಿಟಕಿಯ ಸಂದಿಯಿಂದ ನೋಡಿದಂತೆ: ಚಕ್ರ ಒಮ್ಮೆ, ಕಳಶ ಒಮ್ಮೆ.

ಇಷ್ಟೆಲ್ಲ ಆದ ಮೇಲೆ ನನ್ನ ಏರ್ಪಾಡು ಹೀಗಿದೆ. ಕಾಮಿಕ್ಸ್‌ಗೆಂದು ತಿಂಗಳಿಗೆ 25 ಡಾಲರ್, ಅದಕ್ಕಿಂತ ಹೆಚ್ಚಿಲ್ಲ. ಐದು ಮಾಲಿಕೆಗಳು ಅಂಗಡಿಯ ಫೋಲ್ಡರಿನಲ್ಲಿ. ರಿಯಾಯಿತಿ, ತೆರಿಗೆ ಎಲ್ಲ ಸೇರಿ 24 ಡಾಲರ್‌ಗೆ ಆರು ಸೆಂಟು ಕಡಿಮೆ. ಕುತೂಹಲಕ್ಕೆ ಬೇಕೆನಿಸಿದ್ದನ್ನು ಊರಿನ ಸಾರ್ವಜನಿಕ ಗ್ರಂಥಾಲಯದಿಂದ ಸಂಪುಟವಾಗಿ ತರುತ್ತೇನೆ. ಆ್ಯಪ್‌ನ ಚಂದಾವನ್ನು ಮಳೆಗಾಲದ ಕೊಡೆಯಂತೆ ವರ್ಷಕ್ಕೆ ಎರಡು ತಿಂಗಳು ಮಾತ್ರ ತೆರೆಯುತ್ತೇನೆ. ತಿಂಗಳಿಗೆ ಹದಿನೈದು ಇಪ್ಪತ್ತು ಮಾಲಿಕೆ ಓದುವವರಿಗೆ, ಹತ್ತಿರದಲ್ಲಿ ಅಂಗಡಿಯೇ ಇಲ್ಲದವರಿಗೆ, ಒಂದು ಸಂಚಿಕೆ ತಪ್ಪಿದರೂ ನಿದ್ದೆ ಕೆಡದವರಿಗೆ ಅಂಚೆಯ ದಾರಿ ಲಾಭದಾಯಕವೇ. ನಾನು ಆ ಮೂವರಲ್ಲಿ ಯಾರೂ ಅಲ್ಲ.

ಮೂರನೆಯ ಸಂಚಿಕೆ ಕೊನೆಗೂ ಸಿಕ್ಕಿತು. ಮರುಮುದ್ರಣ ಬಂದ ಬುಧವಾರ, ನಾನು ಬರೆಸಿರದಿದ್ದರೂ ಅದು ಫೋಲ್ಡರಿನಲ್ಲಿತ್ತು. ಹೆಚ್ಚುವರಿಯಾಗಿದ್ದ ನಾಲ್ಕನೆಯದನ್ನು ಮೇಜಿನ ಸುತ್ತಲಿನ ದಾದಿಗೆ ಕೊಟ್ಟೆ. ಈಗ ಹೊಸ ಸಮಸ್ಯೆಯೊಂದು ಎದುರಾಗಿದೆ: ಮೇ ತಿಂಗಳ ಮೊದಲ ಶನಿವಾರ, ಉಚಿತ ಕಾಮಿಕ್ಸ್ ಹಂಚುವ ದಿನ, ಮಗಳನ್ನು ಅಂಗಡಿಗೆ ಕರೆದುಕೊಂಡು ಹೋದದ್ದರ ಫಲವಾಗಿ ಅವಳಿಗೆ ‘ಸೂಪರ್‌ಗರ್ಲ್’ ಬೇಕಾಗಿದೆ, ಅದೂ ತನ್ನದೇ ಹೆಸರಿನ ಫೋಲ್ಡರಿನಲ್ಲಿ. ಅದರ 3.99 ಸೇರಿದರೆ ತಿಂಗಳ ಲೆಕ್ಕ 27 ಡಾಲರ್ ದಾಟುತ್ತದೆ. ನನ್ನ ಐದರಲ್ಲಿ ಒಂದನ್ನು ಮುಂದಿನ ಬುಧವಾರದೊಳಗೆ ಪಟ್ಟಿಯಿಂದ ತೆಗೆಸಬೇಕು, ಕೊನೆಯ ಸಂಖ್ಯೆ ತಿಳಿಸಲು ಮಾಲೀಕರಿಗೆ ಅದೇ ಗಡುವು.